ಜಂಟಿ ಸುಪರ್ದಿಯ ಕೆಳಗಿನ ಬೀಗ

"ಸಹಿ ಹಾಕಲ್ಲ."

ಕ್ಯಾಷಿಯರ್ ಹುಡುಗಿ ಪೆನ್ನು ಮುಟ್ಟಲೂ ಇಲ್ಲ. ಹೆಡ್ ಆಫೀಸಿನಿಂದ ಬಂದಿದ್ದ ತನಿಖಾಧಿಕಾರಿ ಅದರ ಕ್ಯಾಪು ತೆಗೆದು ಹಾಳೆಯ ಪಕ್ಕಕ್ಕೆ ಇಟ್ಟಿದ್ದ. ಹಾಳೆಯನ್ನೂ ಅವಳ ಕಡೆಗೆ ತಿರುಗಿಸಿ ಕೊಟ್ಟಿದ್ದ. ಉಪಚಾರಕ್ಕೇನೂ ಕಮ್ಮಿ ಇರಲಿಲ್ಲ.

"ಇನ್ನೊಂದು ಸಲ ಓದಿ ನೋಡಿ," ಎಂದ. "ಕಳ್ಳತನ ಅನ್ನೋ ಮಾತೇ ಇಲ್ಲ ಅದರಲ್ಲಿ. ಅಜಾಗರೂಕತೆ ಅಂತಷ್ಟೇ ಇದೆ. ಸಹಿ ಹಾಕಿ, ರಾಜೀನಾಮೆ ಕೊಟ್ಟು ಮರ್ಯಾದೆಯಿಂದ ಮನೆಗೆ ಹೋಗಿ. ಇಲ್ಲಾಂದ್ರೆ ಬ್ಯಾಂಕ್ ಬಾಗಿಲು ಹಾಕೋ ಹೊತ್ತಿಗೆ ನಾನು ಸ್ಟೇಷನ್ನಿಗೆ ಫೋನ್ ಮಾಡಬೇಕಾಗುತ್ತೆ."

"ಓದಿದೆ ಸರ್. ಮಾಡದ ತಪ್ಪಿಗೆ ನನ್ನ ಹೆಸರು ಬರೆಯಲ್ಲ. ಫೋನ್ ಮಾಡೋದಾದ್ರೆ ಈಗಲೇ ಮಾಡಿ, ಸಂಜೆವರೆಗೂ ಯಾಕೆ ಕಾಯ್ತೀರಿ."

ಇದನ್ನೂ ಅವಳು ಗೋಡೆಯ ಕ್ಯಾಲೆಂಡರ್ ನೋಡಿಕೊಂಡೇ ಹೇಳಿದಳು. ಬೆಳಿಗ್ಗೆಯಿಂದ ಆ ಮನುಷ್ಯನ ಮುಖವನ್ನು ಒಂದು ಸಲವೂ ನೋಡಿರಲಿಲ್ಲ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದ ಚಿಕ್ಕಮ್ಮ ಇದನ್ನು ಗಮನಿಸಿದರು. ಗಮನಿಸಿ, ಸೊಕ್ಕು ಅಂದುಕೊಂಡರು. ಸೊಕ್ಕು ಅವರ ಮನೆತನಕ್ಕೆ ಹೊಸದೇನಲ್ಲ. ತಾಯಿ ಇಲ್ಲದ ಅಕ್ಕನ ಮಗಳನ್ನು ಎತ್ತಿ ಆಡಿಸಿ, ಓದಿಸಿ, ಈ ಕುರ್ಚಿಯವರೆಗೂ ತಂದವರು ಅವರೇ. ಅನ್ನದ ಜೊತೆಗೆ ಸೊಕ್ಕನ್ನೂ ಕಲಸಿ ತಿನ್ನಿಸಿದ್ದರೆ ಅದಕ್ಕೆ ಯಾರನ್ನು ದೂರುವುದು?

ಗಡಿಯಾರದಂಗಡಿಯ ಯಜಮಾನರು ಬ್ಯಾಂಕಿನ ಸ್ಟ್ರಾಂಗ್ ರೂಮಿನಲ್ಲಿ ಇಟ್ಟಿದ್ದ ಪೆಟ್ಟಿಗೆ ಮೊಹರಿನ ಸಮೇತ ಮಾಯವಾಗಿತ್ತು. ಊಟದ ಡಬ್ಬಿಯಷ್ಟು ದೊಡ್ಡದು, ಒಳಗೆ ಅವರ ತಂದೆಯ ಕಾಲದ ಚಿನ್ನದ ಗಡಿಯಾರಗಳು. ಪೊಲೀಸಿನಲ್ಲಿ ಇಡೀ ಆಯಸ್ಸು ಸವೆಸಿ ನಿವೃತ್ತರಾಗಿದ್ದ ಚಿಕ್ಕಮ್ಮನನ್ನು ಯಜಮಾನರು ತಮ್ಮ ಪ್ರತಿನಿಧಿಯಾಗಿ ಕಳಿಸಿದ್ದರು. "ನಿಮ್ಮ ಮಗಳೇ ಸಿಕ್ಕಿಬಿದ್ದಿದ್ದಾಳೆ ಅಂತ ಗೊತ್ತು. ಆದ್ರೂ ನೀವೇ ಹೋಗಿ," ಎಂದಿದ್ದರು. ಅದಕ್ಕೇ ಈ ಕೋಣೆಯಿಂದ ಚಿಕ್ಕಮ್ಮನನ್ನು ಹೊರಗೆ ಕಳಿಸಲು ಯಾರಿಗೂ ಆಗಿರಲಿಲ್ಲ.

ತನಿಖಾಧಿಕಾರಿ ಅವರ ಕಡೆ ತಿರುಗಿದ. ಎತ್ತರದ ಆಳು. ಇಸ್ತ್ರಿ ಮಾಡಿದ ಕಪ್ಪು ಪ್ಯಾಂಟು, ಮಾತಿನಲ್ಲೂ ಅಷ್ಟೇ ಇಸ್ತ್ರಿ.

"ನೀವು ಹಿರಿಯರು, ನೀವಾದ್ರೂ ಬುದ್ಧಿ ಹೇಳಿ. ನಾನು ಈ ಬ್ರಾಂಚಿಗೆ ಕಾಲಿಟ್ಟಿರೋದೇ ಇವತ್ತು ಮೊದಲು. ನನಗೆ ಇಲ್ಲಿ ಬೇಕಾದವರೂ ಇಲ್ಲ, ಬೇಡದವರೂ ಇಲ್ಲ. ಜಂಟಿ ಸುಪರ್ದಿ ಅಂದ್ರೆ ಏನು ಅಂತ ನಿಮಗೆ ಗೊತ್ತೇ?"

"ಗೊತ್ತಿಲ್ಲ, ಹೇಳಿ." ಗೊತ್ತಿದ್ದರೂ ಹಾಗೆಂದರು. ಎದುರಿನವರು ತಮಗೆ ಗೊತ್ತಿರುವುದನ್ನು ಹೇಗೆ ಹೇಳುತ್ತಾರೆ ಎಂದು ಕೇಳುವುದು ಅವರ ಹಳೆಯ ಚಾಳಿ.

"ಸ್ಟ್ರಾಂಗ್ ರೂಮಿನ ಬಾಗಿಲಿಗೆ ಎರಡು ಬೀಗ. ಮೇಲಿನ ಬೀಗದ ಕೀ ಕ್ಯಾಷಿಯರ್ ಹತ್ತಿರ, ಕೆಳಗಿನದರ ಕೀ ಮ್ಯಾನೇಜರ್ ಹತ್ತಿರ. ಒಬ್ಬರಿಂದ ಬಾಗಿಲು ತೆಗೆಯೋಕೆ ಆಗಲ್ಲ. ಇಬ್ಬರೂ ನಿಂತು, ಅವರವರ ಕೀ ಅವರವರೇ ತಿರುಗಿಸಬೇಕು. ಒಬ್ಬರ ಕೀ ಇನ್ನೊಬ್ಬರ ಕೈಗೆ ಒಂದು ನಿಮಿಷಕ್ಕೂ ಹೋಗಬಾರದು. ಒಳಗಿರೋದಕ್ಕೆಲ್ಲ ಇಬ್ಬರೂ ಹೊಣೆ. ಅರ್ಧ ನಿನ್ನದು ಅರ್ಧ ನನ್ನದು ಅನ್ನೋ ಲೆಕ್ಕ ಇಲ್ಲ, ಪೂರ್ತಿಗೆ ಪೂರ್ತಿ ಇಬ್ಬರೂ."

ಯಾರೋ ಮನುಷ್ಯರ ಗುಣ ಚೆನ್ನಾಗಿ ಬಲ್ಲವನೇ ಈ ನಿಯಮ ಬರೆದಿದ್ದಾನೆ ಎನಿಸಿತು ಚಿಕ್ಕಮ್ಮನಿಗೆ. ಒಬ್ಬನ ಒಳ್ಳೆಯತನ ನಂಬಿ ಕೂರಬೇಡ, ಇಬ್ಬರ ಅನುಮಾನ ನಂಬು ಎಂಬ ಲೆಕ್ಕ. ಅನುಮಾನ ಪಟ್ಟುಕೊಂಡಷ್ಟು ದಿನ ಇಬ್ಬರೂ ಕ್ಷೇಮ.

"ಪೂರ್ತಿಗೆ ಪೂರ್ತಿ ಇಬ್ಬರೂ ಅಂದ್ರಿ," ಎಂದರು ಚಿಕ್ಕಮ್ಮ. "ಹಾಗಿದ್ಮೇಲೆ ಹಾಳೆ ಒಂದೇ ಯಾಕೆ ಟೈಪ್ ಮಾಡಿಸಿದ್ದೀರಿ? ಮ್ಯಾನೇಜರ್ ಹೆಸರಿನದು ಎಲ್ಲಿ?"

ಮೂಲೆಯಲ್ಲಿ ಕೂತು ಹಣೆ ಒರೆಸಿಕೊಳ್ಳುತ್ತಿದ್ದ ಮ್ಯಾನೇಜರ್ ಕರವಸ್ತ್ರ ಕೆಳಗಿಳಿಸಿದ. ಒಳ್ಳೆಯ ಮೈಕಟ್ಟು, ಅದರ ಮುಂದೆ ಒಳ್ಳೆಯ ಹೊಟ್ಟೆ. "ನನ್ನದು ಯಾಕೆ ಮೇಡಂ? ನಾನು ದಿನಾ ಬೆಳಿಗ್ಗೆ ಖುದ್ದಾಗಿ ಹೋಗಿ ನನ್ನ ಕೀ ನಾನೇ ತಿರುಗಿಸ್ತೀನಿ. ನನ್ನ ಕಡೆಯಿಂದ ಒಂದು ಕೂದಲಷ್ಟೂ ಲೋಪ ಇಲ್ಲ."

ಕ್ಯಾಷಿಯರ್ ಹುಡುಗಿ ನಕ್ಕುಬಿಟ್ಟಳು. ಸಂತೋಷದ ನಗೆಯಲ್ಲ ಅದು.

"ಖುದ್ದಾಗಿ ನನ್ನ ಟೇಬಲ್ ತನಕ ಬರ್ತೀರಿ ಸರ್. ಕೀ ಟೇಬಲ್ ಮೇಲೆ ಎಸೆದು ಪೇಪರ್ ಓದೋಕೆ ಹೋಗ್ತೀರಿ. ನಿಯಮ ಇದೆ ಸರ್, ನೀವೂ ಬನ್ನಿ ಅಂತ ಎಷ್ಟು ಸಲ ಹೇಳಿಲ್ಲ ನಾನು? 'ಯಾಕಮ್ಮ, ನಿನಗೆ ನಿನ್ನ ಮೇಲೇ ನಂಬಿಕೆ ಇಲ್ವಾ' ಅಂತ ತಮಾಷೆ ಮಾಡಿದ್ರಿ."

"ಸುಳ್ಳು," ಎಂದ ಮ್ಯಾನೇಜರ್. "ಕೆಲಸ ಹೋಗೋ ಭಯಕ್ಕೆ ಬಾಯಿಗೆ ಬಂದಿದ್ದು ಹೇಳ್ತಿದ್ದಾಳೆ."

ಯಾರ ಮಾತು ಸುಳ್ಳು ಎಂದು ತಿಳಿಯಲು ಚಿಕ್ಕಮ್ಮನ ಬಳಿ ಒಂದು ದಾರಿ ಇತ್ತು. ಅದನ್ನು ಅವರು ಬೆಳಿಗ್ಗೆಯಿಂದ ಯಾರಿಗೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು.

ಹಿಂದಿನ ದಿನ ಮನೆಯಲ್ಲಿ ಮಾತಿನ ನಡುವೆ ಹುಡುಗಿ ಒಂದು ವಿಷಯ ಹೇಳಿದ್ದಳು. ಸ್ಟ್ರಾಂಗ್ ರೂಮಿನ ಬಾಗಿಲು ಹಳೆಯದು. ಭಾರಕ್ಕೆ ಕುಸಿದಿದೆ. ಮೇಲಿನ ಬೀಗ ಸಲೀಸಾಗಿ ತಿರುಗುತ್ತದೆ, ಕೆಳಗಿನದು ಮೊಂಡು. ಎಡಗಡೆ ಕೆಳಮೂಲೆಗೆ ಮಂಡಿ ಕೊಟ್ಟು ಒತ್ತಿ, ಹಿಡಿಯನ್ನು ತುಸು ಮೇಲಕ್ಕೆತ್ತಿದರೆ ಮಾತ್ರ ಅದು ಜಗ್ಗುತ್ತದೆ. ಅವಳಿಗೆ ಇದನ್ನು ಹೇಳಿಕೊಟ್ಟವರು ಹಿಂದಿನ ಕ್ಯಾಷಿಯರ್. ಅವರು ನಿವೃತ್ತರಾಗಿ ಊರು ಬಿಟ್ಟಿದ್ದರು.

"ಇನ್ಯಾರಿಗೆ ಗೊತ್ತು?" ಎಂದು ಚಿಕ್ಕಮ್ಮ ಕೇಳಿದ್ದರು.

ಹುಡುಗಿ ತಟ್ಟೆಯ ಅಂಚು ಒರೆಸುತ್ತಾ ಸ್ವಲ್ಪ ತಡೆದು, "ಇನ್ಯಾರಿಗೂ ಗೊತ್ತಿಲ್ಲ ಚಿಕ್ಕಮ್ಮ," ಎಂದಿದ್ದಳು.

ಆದರೆ ಇವತ್ತು ಬೆಳಿಗ್ಗೆ ಆ ಬಾಗಿಲ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡಿದಾಗ ಬೇರೆಯೇ ಕಂಡಿತ್ತು. ಬಾಗಿಲಿಗೆ ಹೋಗುವ ಒಳ ಓಣಿಗೆ ಕಸ ಗುಡಿಸುವವರನ್ನೂ ಬಿಡುವುದಿಲ್ಲ, ಹಾಗಾಗಿ ಬಾಗಿಲ ತಳದಲ್ಲಿ ಬೂದು ಬಣ್ಣದ ಧೂಳು ದಪ್ಪಗೆ ಕೂತಿತ್ತು. ಎಡ ಕೆಳಮೂಲೆಯಲ್ಲಿ ಒಂದು ಕಡೆ ಬಣ್ಣವೇ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಅದು ಹುಡುಗಿಯ ಮಂಡಿಯ ಎತ್ತರಕ್ಕೆ ಸರಿಯಾಗಿತ್ತು. ಹಿಂದಿನ ಕ್ಯಾಷಿಯರ್ ಕೂಡ ಗಿಡ್ಡ ಆಳೇ. ಅದರಿಂದ ಒಂದು ಗೇಣು ಮೇಲೆ ಇನ್ನೊಂದು ಗುರುತು. ಅಲ್ಲಿ ಬಣ್ಣ ಹಾಗೇ ಇತ್ತು, ಧೂಳು ಮಾತ್ರ ಅರೆಬರೆ ಉಜ್ಜಿಹೋಗಿತ್ತು. ಹೊಸ ಗುರುತು. ಉದ್ದ ಕಾಲಿನ ಯಾರೋ ಈಚೆಗೆ ಅಲ್ಲಿ ಮಂಡಿ ಕೊಟ್ಟಿದ್ದರು.

ಮ್ಯಾನೇಜರ್ ಎತ್ತರದವನೇ. ಕೆಳಗಿನ ಬೀಗದಕೈ ಅವನದೇ. ಇನ್ನು ಮೇಲಿನದು? ಹುಡುಗಿ ಊಟಕ್ಕೆ ಹೋಗುವಾಗ ತನ್ನ ಬೀಗದಕೈಯನ್ನು ಡ್ರಾಯರಿನಲ್ಲೇ ಬಿಟ್ಟು ಹೋಗುತ್ತಿದ್ದಳು. ಅದನ್ನು ಅವಳೇ ಒಪ್ಪಿಕೊಂಡು, ಚಿಕ್ಕಮ್ಮನಿಂದ ಸಾಕಷ್ಟು ಬೈಸಿಕೊಂಡಿದ್ದಳು. ಎರಡನ್ನೂ ಕೂಡಿಸಿದರೆ ಲೆಕ್ಕ ಸರಿಹೋಗುತ್ತಿತ್ತು.

"ಸುಳ್ಳೋ ನಿಜವೋ ಆ ಬಾಗಿಲನ್ನೇ ಕೇಳೋಣ, ಏಳಿ," ಎಂದು ಚಿಕ್ಕಮ್ಮ ಎದ್ದರು. "ಮ್ಯಾನೇಜರೇ, ನೀವು ದಿನಾ ತಿರುಗಿಸ್ತೀರಲ್ಲ, ಒಂದು ಸಲ ನಮ್ಮೆದುರಿಗೆ ತಿರುಗಿಸಿ ತೋರಿಸಿ."

ಹುಡುಗಿಯ ಮುಖ ಬಿಳಿಚಿಕೊಂಡಿತು. "ಬೇಡ ಚಿಕ್ಕಮ್ಮ," ಎಂದಳು ಮೆಲ್ಲಗೆ.

"ಯಾಕೆ ಬೇಡ? ನೀನು ಸುಮ್ಮನಿರು. ನಿನ್ನ ಕುತ್ತಿಗೆಗೆ ಬಂದಿರೋದು ಇದು."

ಸ್ಟ್ರಾಂಗ್ ರೂಮಿಗೆ ಹೋಗುವ ಓಣಿ ಇಬ್ಬರು ಅಕ್ಕಪಕ್ಕ ನಡೆಯಲಾರದಷ್ಟು ಕಿರಿದು. ಈ ತುದಿಗೆ ಗ್ರಿಲ್ ಗೇಟು, ಆ ತುದಿಗೆ ಬಾಗಿಲು, ತಲೆಯ ಮೇಲೆ ಒಂದೇ ಬಲ್ಬು. ಗೋಡೆಯ ಪಕ್ಕ ರಿಜಿಸ್ಟರ್ ಇಡಲು ಒಂದು ಪುಟ್ಟ ಮೇಜು. ತನಿಖಾಧಿಕಾರಿ ಹಾಳೆಯನ್ನೂ ಪೆನ್ನನ್ನೂ ಬಿಡದೆ ತಂದು ಆ ಮೇಜಿನ ಮೇಲೆ ಇಟ್ಟ. ಪೆಟ್ಟಿಗೆ ಕಾಣೆಯಾದ ಮೇಲೆ ಆ ಬಾಗಿಲನ್ನು ಯಾರೂ ತೆಗೆದಿರಲಿಲ್ಲ. ಕೌಂಟರಿನ ಪುಟ್ಟ ಸೇಫಿನಲ್ಲೇ ವ್ಯವಹಾರ ನಡೆದಿತ್ತು, ಎರಡೂ ಬೀಗದಕೈ ಮ್ಯಾನೇಜರ್ ಬಳಿಯೇ ಇದ್ದವು.

ಮ್ಯಾನೇಜರ್ ಮೇಲಿನ ಬೀಗಕ್ಕೆ ಕೈ ಹಾಕಿದ. ಕಟಕ್ ಎಂದಿತು. ಅವನ ಮುಖ ಅರಳಿತು.

ಕೆಳಗಿನದಕ್ಕೆ ಹಾಕಿದ. ತಿರುಗಲಿಲ್ಲ.

ಇನ್ನೊಂದು ಸಲ. ಇಲ್ಲ. ಬೀಗದಕೈ ತೆಗೆದು ಊದಿದ, ಪ್ಯಾಂಟಿಗೆ ಉಜ್ಜಿದ, ತಿರುಗಿಸಿ ಹಾಕಿದ. ಎರಡೂ ಕೈಯಲ್ಲಿ ಹಿಡಿದು ಹಲ್ಲು ಕಚ್ಚಿದ. ಬಿಳಿ ಅಂಗಿಗೆ ಧೂಳು ತಾಗದಂತೆ ಹೊಟ್ಟೆಯನ್ನು ದೂರ ಹಿಡಿದುಕೊಂಡೇ ಈ ಕುಸ್ತಿ ನಡೆದಿತ್ತು. ಮಂಡಿಯ ಸುದ್ದಿಯೇ ಇಲ್ಲ. ಮೂಲೆಯ ಕಡೆ ಅವನ ಕಣ್ಣೂ ಹೋಗಲಿಲ್ಲ.

ಚಿಕ್ಕಮ್ಮ ಅವನ ಕಾಲನ್ನೇ ನೋಡುತ್ತಾ ನಿಂತರು. ನೋಡುತ್ತಾ ನೋಡುತ್ತಾ ಅವರಿಗೆ ಅರ್ಥವಾಯಿತು. ಇವನು ನಾಟಕ ಆಡುತ್ತಿಲ್ಲ. ಇವನಿಗೆ ನಿಜವಾಗಿಯೂ ಈ ಬಾಗಿಲು ತೆಗೆಯಲು ಬರುವುದಿಲ್ಲ. ಸೋಮಾರಿ, ಸುಳ್ಳ, ಎಲ್ಲ ಸರಿ. ಕಳ್ಳ ಮಾತ್ರ ಅಲ್ಲ.

"ತುಕ್ಕು ಹಿಡಿದಿದೆ," ಎಂದ ಮ್ಯಾನೇಜರ್, ಉಸಿರು ಬಿಡುತ್ತಾ. "ಎರಡು ದಿನ ತೆಗೀಲಿಲ್ವಲ್ಲ."

ತನಿಖಾಧಿಕಾರಿ ಸಣ್ಣಗೆ ಚಪ್ಪಾಳೆ ತಟ್ಟಿದ. "ಭಾಳ ಉಪಕಾರ ಆಯ್ತು ಅಮ್ಮ. ನನ್ನ ಕೆಲಸ ನೀವೇ ಮಾಡಿಕೊಟ್ರಿ. ಮ್ಯಾನೇಜರ್ ಈ ಬಾಗಿಲು ಯಾವತ್ತೂ ತೆಗೆದಿಲ್ಲ ಅಂತ ಈಗ ಸಾಬೀತಾಯ್ತು. ಅವರ ಮೇಲೆ ಏನು ಕ್ರಮ ಅಂತ ಹೆಡ್ ಆಫೀಸು ನೋಡ್ಕೊಳ್ಳುತ್ತೆ. ಆದ್ರೆ ಇಷ್ಟು ದಿನ ಎರಡೂ ಕೀ ಹಿಡಿದು ಒಬ್ಬರೇ ಒಳಗೆ ಹೋಗಿ ಬರ್ತಿದ್ದವರು ಯಾರು?"

ಮಗಳನ್ನು ಬಿಡಿಸಲು ಹೊರಟು ಚಿಕ್ಕಮ್ಮ ತಾವೇ ಕೈಯಾರೆ ಅವಳನ್ನು ಸಿಕ್ಕಿಸಿದ್ದರು. ಬೇಡ ಎಂದು ಅವಳು ಹೇಳಿದ್ದು ಇದಕ್ಕೇ ಇರಬೇಕು. ತಮ್ಮ ಬುದ್ಧಿಗೆ ತಾವೇ ಬೈದುಕೊಂಡರು. ಬಾಯಿಯಲ್ಲಿ ಕಹಿ ಬಂತು.

ಹುಡುಗಿ ಮಾತ್ರ ಗೋಡೆಗೆ ಒರಗಿದ್ದವಳು ನೆಟ್ಟಗೆ ನಿಂತಳು.

"ನಾನೇ," ಎಂದಳು. "ದಿನಾ ನಾನೊಬ್ಬಳೇ. ಎರಡೂ ಕೀ ನನ್ನ ಕೈಯಲ್ಲೇ ಇರ್ತಿತ್ತು. ಅದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ. ಆದ್ರೆ ಅದನ್ನ ಕೊಟ್ಟಿದ್ದು ಮ್ಯಾನೇಜರು, ಕಣ್ಣು ಮುಚ್ಚಿಕೊಂಡಿದ್ದು ಹೆಡ್ ಆಫೀಸು. ಪ್ರತಿವರ್ಷ ತಪಾಸಣೆಗೆ ಬಂದವರು ರಿಜಿಸ್ಟರಿನಲ್ಲಿ ಎರಡು ಸಹಿ ಇದೆಯಾ ಅಂತ ನೋಡಿ ಹೋದ್ರು, ಇಬ್ಬರು ಬಂದ್ರಾ ಅಂತ ಯಾರೂ ಕೇಳಲಿಲ್ಲ. ನಿಮ್ಮ ಪುಸ್ತಕದಲ್ಲಿ ಜಂಟಿ ಸುಪರ್ದಿ ಅಂದ್ರೆ ಒಂದು, ಇಲ್ಲಿ ನಡೀತಿರೋದು ಇನ್ನೊಂದು. ಪೆಟ್ಟಿಗೆ ಹೋದಾಗ ಮಾತ್ರ ಪುಸ್ತಕ ತೆಗೀತೀರಿ, ಅದೂ ನನ್ನ ಪುಟ ಮಾತ್ರ. ನಾನು ಸಹಿ ಹಾಕಲ್ಲ."

ಹೇಳುವಾಗ ಅವಳ ದನಿ ಒಂದು ಸಲವೂ ನಡುಗಲಿಲ್ಲ. ಚಿಕ್ಕಮ್ಮನಿಗೆ ಆ ಕಹಿಯಲ್ಲೂ ಹೆಮ್ಮೆಯಾಯಿತು.

"ಭಾಷಣ ಚೆನ್ನಾಗಿದೆ." ತನಿಖಾಧಿಕಾರಿಯ ಇಸ್ತ್ರಿ ಮೊದಲ ಸಲ ಮುದುರಿತು. ಕತ್ತಿನ ನರ ಉಬ್ಬಿತು. "ಸಾಕು ಮಾಡಿ. ಒಳಗೆ ಉಳಿದಿರೋದನ್ನ ಪಟ್ಟಿ ಮಾಡಿ, ರೂಮಿಗೆ ಮೊಹರು ಹಾಕಿ ಹೋಗ್ತೀನಿ. ಕೊಡಿ ಇಲ್ಲಿ. ಒಂದು ಬಾಗಿಲು ತೆಗೆಯೋಕೆ ಬರಲ್ಲ ನಿಮಗೆ."

ಮ್ಯಾನೇಜರನನ್ನು ಪಕ್ಕಕ್ಕೆ ಸರಿಸಿ ಕೆಳಗಿನ ಬೀಗಕ್ಕೆ ಬಗ್ಗಿದ. ಸಿಟ್ಟಿನಲ್ಲಿದ್ದ. ಸಿಟ್ಟು ಬಂದವನ ತಲೆ ಒಂದು ಕಡೆ ಇದ್ದರೆ ಕೈಕಾಲು ತಮಗೆ ಗೊತ್ತಿದ್ದ ಕೆಲಸ ತಾವು ಮಾಡಿಕೊಂಡು ಹೋಗುತ್ತವೆ.

ಬಲಗೈ ಬೀಗದಕೈ ಹಿಡಿಯಿತು. ಎಡಗೈ ಬಾಗಿಲ ಹಿಡಿಯನ್ನು ತುಸು ಮೇಲಕ್ಕೆತ್ತಿತು. ಎಡಮಂಡಿ ಮಡಚಿಕೊಂಡು ಕೆಳಮೂಲೆಗೆ ಹೋಗಿ ಒತ್ತಿ ಕೂತಿತು.

ಬೀಗ ಸದ್ದಿಲ್ಲದೆ ತಿರುಗಿತು. ಬಾಗಿಲು ತೆರೆಯಿತು.

"ಅಬ್ಬ, ಸಾರ್ ಕೈಗುಣ ನೋಡಿ," ಎಂದ ಮ್ಯಾನೇಜರ್, ಮನಃಪೂರ್ವಕವಾಗಿ.

ತನಿಖಾಧಿಕಾರಿ ಬೀಗುತ್ತಾ ಹಿಂದಕ್ಕೆ ತಿರುಗಿದವನು ಚಿಕ್ಕಮ್ಮ ಎಲ್ಲಿ ನೋಡುತ್ತಿದ್ದಾರೆ ಎಂದು ಕಂಡು ತಾನೂ ಕೆಳಗೆ ನೋಡಿಕೊಂಡ. ಕಪ್ಪು ಪ್ಯಾಂಟಿನ ಮಂಡಿಯ ಮೇಲೆ ಬೂದು ಧೂಳು ಬಿಲ್ಲೆಯಾಗಿ ಅಂಟಿತ್ತು. ಬಾಗಿಲ ಮೇಲೆ ಅವನ ಮಂಡಿ ಕೂತಿದ್ದ ಜಾಗ ಹೊಸ ಗುರುತೇನೂ ಆಗಿರಲಿಲ್ಲ. ಬೆಳಿಗ್ಗೆ ಒಂದು ಗೇಣು ಮೇಲೆ ಕಂಡಿದ್ದ ಆ ಗುರುತಿನ ಮೇಲೇ ಅದು ಸರಿಯಾಗಿ ಬಿದ್ದಿತ್ತು.

"ಈ ಬ್ರಾಂಚಿಗೆ ಕಾಲಿಟ್ಟಿದ್ದೇ ಇವತ್ತು ಅಂದ್ರಲ್ಲ?" ಎಂದು ಕೇಳಿದರು ಚಿಕ್ಕಮ್ಮ.

"ಹೌದು."

"ಮಂಡಿನ ಯಾವಾಗ ಇಟ್ಟಿದ್ರಿ?"

"ಏನು ಮಾತಾಡ್ತಿದ್ದೀರಿ ನೀವು? ಹಳೇ ಬಾಗಿಲುಗಳೆಲ್ಲ ಹೀಗೇ. ಹೆಡ್ ಆಫೀಸಿನಲ್ಲೂ ಇಂಥದ್ದೊಂದಿದೆ."

"ಅದೂ ಎಡಗಡೆಗೇ ಕುಸಿದಿದೆಯಾ? ಅದಕ್ಕೂ ಕೆಳಗಿನ ಬೀಗವೇ ಮೊಂಡಾ? ಈ ಮ್ಯಾನೇಜರ್ ಇಷ್ಟು ಹೊತ್ತು ಒದ್ದಾಡಿದ್ರೂ ಹೊಳೀದೇ ಇದ್ದಿದ್ದು ನಿಮಗೆ ನೋಡ್ತಿದ್ದ ಹಾಗೇ ಹೊಳೆದುಬಿಡ್ತಾ?"

ತನಿಖಾಧಿಕಾರಿ ನೋಡುತ್ತಿದ್ದುದು ಚಿಕ್ಕಮ್ಮನನ್ನಲ್ಲ. ಅವರ ಭುಜದ ಮೇಲಿಂದ ಕ್ಯಾಷಿಯರ್ ಹುಡುಗಿಯನ್ನು ನೋಡುತ್ತಿದ್ದ. ತಲೆಯನ್ನು ಬಹಳ ಮೆಲ್ಲಗೆ, ಬೇಡ ಎನ್ನುವಂತೆ, ಆಡಿಸಿದ.

ಚಿಕ್ಕಮ್ಮ ತಿರುಗಿದರು.

ಬೆಳಿಗ್ಗೆಯಿಂದ ಅವನ ಮುಖ ನೋಡದಿದ್ದ ಹುಡುಗಿ ಈಗ ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಎಲ್ಲವೂ ಇತ್ತು, ಆಶ್ಚರ್ಯ ಮಾತ್ರ ಇರಲಿಲ್ಲ. ತಟ್ಟೆಯ ಅಂಚು ಒರೆಸುತ್ತಾ ಅವಳು ತಡೆದು ಉತ್ತರ ಕೊಟ್ಟಿದ್ದು ಚಿಕ್ಕಮ್ಮನಿಗೆ ಥಟ್ಟನೆ ನೆನಪಾಯಿತು. ಎಷ್ಟೋ ಕಳ್ಳರ ತಡವರಿಕೆ ಹಿಡಿದಿದ್ದರು, ಮನೆಯ ಮಗಳದ್ದು ಬಿಟ್ಟುಬಿಟ್ಟಿದ್ದರು.

"ಚಿಕ್ಕಮ್ಮ, ನಿನಗೆ ನಾನೊಂದು ಸುಳ್ಳು ಹೇಳಿದ್ದೆ," ಎಂದಳು. "ಆ ಮಂಡಿ ಕೊಡೋ ಉಪಾಯ ಇನ್ನೊಬ್ಬರಿಗೂ ಗೊತ್ತಿತ್ತು. ಕಲಿಸಿದ್ದು ನಾನೇ. ಇದೇ ಓಣಿಯಲ್ಲಿ, ಇದೇ ಬಾಗಿಲ ಮುಂದೆ, ಬ್ರಾಂಚಿನಲ್ಲಿ ಬೇರೆ ಯಾರೂ ಇಲ್ಲದಾಗ."

ಮ್ಯಾನೇಜರ್ ಬಾಯಿ ತೆರೆದು ಹಾಗೇ ಬಿಟ್ಟ.

"ಯೋಚನೆ ಮಾಡಿ ಮಾತಾಡಿ." ತನಿಖಾಧಿಕಾರಿಯ ದನಿ ತಗ್ಗಿತು. "ಕಲಿಸಿದೆ ಅಂದಮೇಲೆ ಯಾಕೆ ಕಲಿಸಿದೆ ಅಂತಾನೂ ಹೇಳಬೇಕಾಗುತ್ತೆ. ನಿಮ್ಮ ಚಿಕ್ಕಮ್ಮನಿಗೆ ಅದು ಕೇಳಿಸಿಕೊಳ್ಳೋ ಶಕ್ತಿ ಇದೆಯಾ ನೋಡ್ಕೊಳ್ಳಿ. ನಾನು ಮುಳುಗಿದ್ರೆ ನೀವು ದಡದಲ್ಲಿ ಇರಲ್ಲ."

"ಗೊತ್ತು. ಅದು ಗೊತ್ತಿದ್ದೇ ಬೆಳಿಗ್ಗೆಯಿಂದ ಬಾಯಿ ಮುಚ್ಕೊಂಡಿದ್ದೆ. ನೀವೂ ಅದನ್ನೇ ನಂಬಿಕೊಂಡು ಹಾಳೆ ಟೈಪ್ ಮಾಡಿಸ್ಕೊಂಡು ಬಂದ್ರಿ."

ಕೇಳದೆ ಇದ್ದುಬಿಡೋಣ ಎನಿಸಿತು ಚಿಕ್ಕಮ್ಮನಿಗೆ ಒಂದು ಕ್ಷಣ. ಮಗಳ ಕೈ ಹಿಡಿದು ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಇದನ್ನೆಲ್ಲ ಮರೆತುಬಿಡೋಣ ಎನಿಸಿತು. ಆಮೇಲೆ ಅವರು ಓಣಿಯ ತುದಿಗೆ ಹೋಗಿ ಗ್ರಿಲ್ ಗೇಟು ಎಳೆದು ಚಿಲಕ ಹಾಕಿದರು. ಅದಕ್ಕೇ ಬೆನ್ನು ಕೊಟ್ಟು ನಿಂತರು.

"ನನ್ನ ಶಕ್ತಿಯ ಚಿಂತೆ ನಿಮಗೆ ಬೇಡ," ಎಂದರು ಅವನಿಗೆ. ಮಗಳಿಗೆ, "ಹೇಳು," ಎಂದರು.

ಹುಡುಗಿ ಪುಟ್ಟ ಮೇಜಿನ ಬಳಿ ಬಂದಳು. ಟೈಪು ಮಾಡಿದ ಹಾಳೆಯನ್ನು ಎತ್ತಿಕೊಂಡು ಖಾಲಿ ಬೆನ್ನು ಮೇಲಾಗುವಂತೆ ಮಗುಚಿದಳು. ಬೆಳಿಗ್ಗೆಯಿಂದ ಮುಟ್ಟದಿದ್ದ ಪೆನ್ನನ್ನು ಕೈಗೆ ತೆಗೆದುಕೊಂಡಳು. ಹಾಳೆಯ ಕೆಳಗೆ ಎರಡು ಗೆರೆ ಎಳೆದು, ಮೊದಲನೆಯದರ ಮೇಲೆ ತನ್ನ ಸಹಿ ಹಾಕಿದಳು.

"ಮೇಲೆ ಬರೆಯೋದನ್ನ ಚಿಕ್ಕಮ್ಮನ ಎದುರಿಗೇ ಬರೀತೀನಿ, ಒಂದಕ್ಷರ ಬಿಡದೆ. ನಿಮ್ಮನ್ನ ನಂಬಿ ಇಲ್ಲಿಗೆ ಕರ್ಕೊಂಡು ಬಂದ ನನ್ನ ತಪ್ಪೂ ಬರುತ್ತೆ ಅದರಲ್ಲಿ." ಪೆನ್ನನ್ನು ಅವನ ಕಡೆ ಚಾಚಿದಳು. "ಎರಡನೇ ಗೆರೆ ನಿಮ್ಮದು ಸರ್. ಪೂರ್ತಿಗೆ ಪೂರ್ತಿ ಇಬ್ಬರೂ ಅಂತ ನೀವೇ ಹೇಳಿಕೊಟ್ರಲ್ಲ."

ತನಿಖಾಧಿಕಾರಿ ಪೆನ್ನಿನ ಕಡೆ ನೋಡಲಿಲ್ಲ. ತೆರೆದ ಬಾಗಿಲಿನಿಂದ ಮೇಲಿನ ಬೀಗದಕೈ ಕಿತ್ತುಕೊಂಡ, ಕೆಳಗಿನದನ್ನೂ ಕಿತ್ತುಕೊಂಡ. ಎರಡನ್ನೂ ಒಂದೇ ಜೇಬಿಗೆ ಹಾಕಿಕೊಂಡು ಗ್ರಿಲ್ ಗೇಟಿನ ಕಡೆ ನಡೆದು ಬಂದ.

"ಚಿಲಕ ತೆಗೀರಿ," ಎಂದ.

ಚಿಕ್ಕಮ್ಮ ತೆಗೆಯಲಿಲ್ಲ.